ಕೆಸರಿನ ಮಡಿ

ನಮ್ಮ ಕಡೆ ಬೆಳ್ಳಗಿರುವ ನೀರುಹಕ್ಕಿಯನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಪಂಚೆ ಬೆಳ್ಳಗಿದ್ದರೆ ಮರ್ಯಾದೆ, ಗೋಡೆ ಬೆಳ್ಳಗಿದ್ದರೆ ಹಬ್ಬ. ಕೆರೆಯಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಹಕ್ಕಿ ಬೆಳ್ಳಗಿದ್ದರೆ ಮಾತ್ರ ಅದರ ಮನಸ್ಸಿನಲ್ಲೇನೋ ಮಸಲತ್ತಿದೆ ಎಂದೇ ಲೆಕ್ಕ. ಪಂಚತಂತ್ರದ ಬಕ ಮೀನುಗಳಿಗೆ ಬೇರೆ ಕೊಳ ತೋರಿಸುವ ನೆಪದಲ್ಲಿ ಒಂದೊಂದನ್ನೇ ನುಂಗಿ, ಕೊನೆಗೆ ಏಡಿಯ ಕೈಯಲ್ಲಿ ಕುತ್ತಿಗೆ ಕತ್ತರಿಸಿಕೊಂಡಿತಲ್ಲ, ಆ ಅಪವಾದ ಇವತ್ತಿನ ಚುನಾವಣೆಯ ಭಾಷಣದವರೆಗೂ ನಡೆದುಬಂದಿದೆ. ಬಕಧ್ಯಾನ ಎಂದರೆ ಸಾಕು, ಸಭೆಯಲ್ಲಿ ಕೂತವರಿಗೆ ಅದು ಯಾರ ಬಗ್ಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಮೊಕದ್ದಮೆಯಲ್ಲಿ ಒಬ್ಬ ನಿರಪರಾಧಿಯೂ ಸಿಕ್ಕಿಬಿದ್ದಿದ್ದಾನೆ. ಕಾಲು ಉದ್ದ, ಕೊಕ್ಕು ಉದ್ದ ಇದ್ದದ್ದನ್ನೆಲ್ಲ ಕೊಕ್ಕರೆ ಎಂದು ಒಂದೇ ಪಂಕ್ತಿಯಲ್ಲಿ ಕೂರಿಸುವ ನಮಗೆ ಬಕನೂ ಒಂದೇ, ಸಾರಸವೂ ಒಂದೇ. ಸಾರಸದ ಕುಲವೇ ಬೇರೆ. ಜಗತ್ತಿನಲ್ಲೆಲ್ಲ ಸೇರಿ 15 ಬಗೆ ಅಷ್ಟೇ. ಬಕ ಹಾರುವಾಗ ಕತ್ತು ಮಡಚಿಕೊಳ್ಳುತ್ತದೆ, ಸಾರಸ ಕತ್ತು ನೀಡಿಕೊಂಡೇ ಹಾರುತ್ತದೆ. ಬಕ ಮರದ ಮೇಲೆ ಸಂಸಾರ ಹೂಡಿದರೆ ಸಾರಸದ ಗೂಡು ನೀರಿನ ನಡುವೆ, ನೆಲಕ್ಕೆ ಅಂಟಿಕೊಂಡು. ಹಿಂಬೆರಳು ಗಿಡ್ಡವಾಗಿ ಮೇಲಕ್ಕಿರುವ ನಮ್ಮ ಸಾರಸಕ್ಕೆ ಕೊಂಬೆ ಹಿಡಿದು ಕೂರುವ ಯೋಗವಿಲ್ಲ. ಮುಖ್ಯವಾಗಿ, ಅದು ಧ್ಯಾನ ಮಾಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಡೆಯುವುದು, ಕೆದಕುವುದು, ಅಗೆಯುವುದು: ಗೇಯುವ ಜಾತಿ ಅದು.

ಇದನ್ನೆಲ್ಲ ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕೂತು ಯೋಚಿಸಬೇಕಾದ ಕಾರಣವೇನೂ ಇರಲಿಲ್ಲ. ಅಲ್ಲಿ ಸಾರಸವಿಲ್ಲ. ದಿಂಡಿಗಲ್‌ನಲ್ಲಿ ಬಸ್ಸಿಳಿದು, ಸೀರಗ ಸಾಂಬಾ ಅಕ್ಕಿಯ ಬಿರಿಯಾನಿ ಉಂಡು (ಆ ಊರಿಗೆ ಹೋಗಿ ಅದನ್ನು ಉಣ್ಣದೆ ಬಂದವರು ಹೈದರಾಲಿಯ ಕೋಟೆಯ ಬಗ್ಗೆ ಎಷ್ಟು ಮಾತಾಡಿದರೂ ನಾನು ಕಿವಿಗೊಡುವುದಿಲ್ಲ), ವತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು ದಾಟಿ ತೆಂಕಣಕ್ಕೆ ಇಳಿಯುತ್ತ ಹೋದರೆ ಎರಡೂ ಬದಿಗೆ ಬೆಟ್ಟ ಒತ್ತರಿಸಿಕೊಂಡು ಬರುತ್ತದೆ. ಬಲಕ್ಕೆ ಕೇರಳದ ಏಲಕ್ಕಿ ಬೆಟ್ಟ, ಎಡಕ್ಕೆ ಮೇಘಮಲೈ. ನಡುವೆ ಪನ್ನೀರು ದ್ರಾಕ್ಷಿಯ ಚಪ್ಪರ, ತೆಂಗು, ಬಾಳೆ, ಮತ್ತೆ ಭತ್ತ. ಈ ಭತ್ತದ ನೀರು ಕಣಿವೆಯ ಸ್ವಂತದ್ದಲ್ಲ. ಪಡುವಣಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಪೆನ್ನಿಕ್ವಿಕ್ ಎಂಬ ಎಂಜಿನಿಯರ್ 1887ರಿಂದ 1895ರವರೆಗೆ ಅಣೆಕಟ್ಟು ಕಟ್ಟಿ, ಬೆಟ್ಟಕ್ಕೆ ಸುರಂಗ ಕೊರೆದು, ನೀರನ್ನು ಮೂಡಣಕ್ಕೆ ತಿರುಗಿಸಿದ. ಇಲ್ಲಿಯ ಮನೆಗಳಲ್ಲಿ ಇವತ್ತಿಗೂ ಅವನ ಪಟಕ್ಕೆ ಮಾಲೆ ಬೀಳುತ್ತದೆ, ಮಕ್ಕಳಿಗೆ ಅವನ ಹೆಸರಿಡುತ್ತಾರೆ. ಲೋಯರ್ ಕ್ಯಾಂಪಿನಲ್ಲಿ 2013ರಲ್ಲಿ ಸ್ಮಾರಕವೂ ಎದ್ದಿತು. ಎರಡು ಬೆಳೆ ಭತ್ತದ 14,707 ಎಕರೆ ಆ ಸುರಂಗವನ್ನೇ ನಂಬಿಕೊಂಡಿದೆ.

ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಬೆಳ್ಳಕ್ಕಿಗಳ ಸಂತೆ ನೆರೆದಿರುತ್ತದೆ. ಹಿಂದೆ ಎತ್ತಿನ ಹಿಂದೆ ನಡೆಯುತ್ತಿದ್ದವು ಈಗ ರೋಟವೇಟರ್ ಹಿಂದೆ ನಡೆಯುತ್ತವೆ. ಎಬ್ಬಿಸಿ ಕೊಡುವವರು ಯಾರಾದರೇನು, ಹುಳ ಎದ್ದರೆ ಸರಿ. ಈ ವಿಷಯದಲ್ಲಿ ಬೆಳ್ಳಕ್ಕಿಗೆ ಪಕ್ಷನಿಷ್ಠೆ ಇಲ್ಲ.

ಕಂಬಂನಲ್ಲಿ ನನಗೆ ಆಸಕ್ತಿ ಹುಟ್ಟಿಸಿದ್ದು ಮೊದಲಿಗೆ ಹಕ್ಕಿಯಲ್ಲ, ದನ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗ ಕಾಪ್ಪಿಲಿಯರು ಬಹಳ ಜನ ಇದ್ದಾರೆ. ತುಂಗಭದ್ರೆಯ ದಡದಿಂದ ಬಂದವರೆಂದು ಐತಿಹ್ಯ. ಬಂದು ಎಷ್ಟು ತಲೆಮಾರಾಯಿತೋ, ಅಂಗಡಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ ಎಂಬ ಏರ್ಪಾಡು ಇನ್ನೂ ಮುರಿದಿಲ್ಲ. ಅವರದೊಂದು ದೇವರ ಮಂದೆ ಇದೆ. 1906ರಲ್ಲಿ ಬಂದ ಮದುರಾ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಇದರ ಬಗ್ಗೆ ಬರೆದಿದ್ದಾನೆ. ಕನ್ನಡದಲ್ಲಿ ದೇವರ ಆವು, ತಮಿಳಿನಲ್ಲಿ ತಂಬಿರಾನ್ ಮಾಡು. ಮಂದೆಗೊಬ್ಬ ರಾಜ, ಅವನು ಪಟ್ಟದ ಆವು. ರಾಜ ತೀರಿಕೊಂಡರೆ ಮರ್ಯಾದೆಯಿಂದ ಮಣ್ಣು ಮಾಡಿ, ಒಳ್ಳೆಯ ದಿನ ನೋಡಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಬಾಯಿ ಹಾಕಿದ ಹೋರಿಯೇ ಮುಂದಿನ ರಾಜ. ಪ್ರಜಾಪ್ರಭುತ್ವದಲ್ಲೂ ಇಂಥ ವಿಧಾನ ಜಾರಿಯಲ್ಲಿದೆ ಎಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ, ಆದರೆ ಇಲ್ಲಿ ಕಬ್ಬು ಎಲ್ಲರ ಕಣ್ಣೆದುರಿಗೇ ಇರುತ್ತದೆ.

ಈ ಮಂದೆ ಇರುವ ನಂದಗೋಪಾಲಸ್ವಾಮಿಯ ಗುಡಿಯ ದೊಡ್ಡಿಗೆ ಮಾಟ್ಟುಪೊಂಗಲ್ ದಿನ ಊರಿಗೆ ಊರೇ ಕಬ್ಬು, ಬಾಳೆಹಣ್ಣು, ಅಗಸೆಸೊಪ್ಪು ಹೊತ್ತು ಬರುತ್ತದೆ. ನಾನು ಹೋದದ್ದು ಹಬ್ಬವಿಲ್ಲದ ದಿನ. ಹಬ್ಬವಿಲ್ಲದ ದಿನದ ದೇವರೂ ದನವೂ ಮಾತಿಗೆ ಸಿಗುವುದು ಹೆಚ್ಚು. ಅಲ್ಲಿ ಸಿಕ್ಕ ಹಿರಿಯರೊಬ್ಬರು, ಬದುಕಿನ ಬಹುಪಾಲು ಮಲೆದನದ ಹಿಂದೆ ಬೆಟ್ಟ ಹತ್ತಿಳಿದವರು, ನಾನು ಮೈಸೂರು ಕಡೆಯವನು ಎಂದು ಗೊತ್ತಾದ ಮೇಲೆ ತಮಿಳು ಬಿಟ್ಟರು. ಅವರ ಕನ್ನಡವನ್ನು ನನ್ನ ಕನ್ನಡಕ್ಕೆ ಹೊಂದಿಸಿ ಬರೆಯುತ್ತಿದ್ದೇನೆ. ಅವರದು ಇದಕ್ಕಿಂತ ಚೆನ್ನಾಗಿತ್ತು.

“ಈಗ ಬೆಟ್ಟ ಹತ್ತೋಹಾಗಿಲ್ಲ ತಂಬಿ. ಹುಲಿ ಬಂದಿದೆಯಂತೆ.”

“ಮೊದಲು ಇರಲಿಲ್ಲವೇ ಅಯ್ಯಾ?”

“ಮೊದಲೂ ಇತ್ತು. ಆದರೆ ಕಾಗದದಲ್ಲಿ ಇರಲಿಲ್ಲ.”

ಕಾಗದದ ಕಥೆ ಹೀಗಿದೆ. ಶ್ರೀವಿಲ್ಲಿಪುತ್ತೂರು ಮೇಘಮಲೈ ಪ್ರದೇಶ 2021ರಲ್ಲಿ ಹುಲಿ ಮೀಸಲು ಆಯಿತು. 2022ರ ಮಾರ್ಚ್‌ನಲ್ಲಿ ಮದರಾಸು ಹೈಕೋರ್ಟು ರಾಜ್ಯದ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು; ಅದೇ ತಿಂಗಳು ಆ ಆದೇಶವನ್ನು ಸಡಿಲಿಸಿ ಹುಲಿ ಮೀಸಲು, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಸೀಮಿತ ಮಾಡಿತು. ಕಾಡಿನವರ ವಾದದಲ್ಲೂ ಹುರುಳಿದೆ. ದನದ ರೋಗ ಕಾಟಿಗೆ ಅಂಟುತ್ತದೆ, ಹೊಸ ಹುಲ್ಲಿಗಾಗಿ ಬೆಂಕಿ ಬೀಳುತ್ತದೆ, ಜಿಂಕೆಗೆ ಮೇವು ಕಡಿಮೆಯಾಗುತ್ತದೆ. ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ದನ ಹೋದಮೇಲೆ ಹುಲ್ಲು ಯಾರು ತಿನ್ನುತ್ತಾರೆ?” ಎಂದರು. ಆ ಪ್ರಶ್ನೆಯೇ ನನ್ನನ್ನು ಮೇಘಮಲೆಯ ಬುಡದಿಂದ ರಾಜಸ್ಥಾನದ ಭರತಪುರಕ್ಕೆ ಎತ್ತಿಕೊಂಡು ಹೋಯಿತು. ಏಕೆಂದರೆ ಅದೇ ಪ್ರಶ್ನೆಗೆ ಅಲ್ಲಿ ಹತ್ತು ವರ್ಷ ಸಂಶೋಧನೆ ಮಾಡಿ ಉತ್ತರ ಬರೆದಿಟ್ಟಿದ್ದಾರೆ.

ಭರತಪುರಕ್ಕೆ ಚಳಿಗಾಲ ಕಳೆಯಲು ಸೈಬೀರಿಯಾದ ಬಿಳಿ ಸಾರಸ ಬರುತ್ತಿತ್ತು. ಎಂಥ ಬಿಳಿ! ಮೈಯೆಲ್ಲ ಬಿಳಿ, ಮುಖ ಮಾತ್ರ ಗರಿಯಿಲ್ಲದೆ ಕೆಂಪು, ಹಳದಿ ಕಣ್ಣು. ರೆಕ್ಕೆಯ ತುದಿ ಕಪ್ಪು, ಅದೂ ಹಾರಿದಾಗಲೇ ಕಾಣುವುದು. ಮಡಿಯುಟ್ಟು ಹೊರಟ ಶಾಸ್ತ್ರಿಗಳು, ನೆಂಟರ ಮಗುವನ್ನೂ ಮುಟ್ಟಲಾರರು ಎಂಬ ಹಾಗೆ ಕಾಣುತ್ತದೆ. ಆದರೆ ಅದರ ಊಟ ನೋಡಬೇಕು. ಮಂಡಿಯುದ್ದದ ನೀರಿನಲ್ಲಿ ನಿಂತು, ತಲೆಯನ್ನು ಕಣ್ಣಿನ ಮೇಲೆ ನೀರು ಬರುವ ತನಕ ಮುಳುಗಿಸಿ, ಕೆಸರಿನೊಳಗಿಂದ ಜೇಕಿನ ಗಡ್ಡೆ ಅಗೆಯುತ್ತದೆ. ನಮ್ಮ ರೈತರು ಬೈದುಕೊಂಡು ಕಿತ್ತೆಸೆಯುವ ಕೊನ್ನಾರಿಯ ಬಳಗದ ಗಡ್ಡೆ ಅದು. ಭರತಪುರದಲ್ಲಂತೂ ಅದು ಹೆಚ್ಚುಕಡಿಮೆ ಸಸ್ಯಾಹಾರಿ. ಏಡಿಯ ಕೈಯಲ್ಲಿ ಸಾಯಬೇಕಾದ ಪಾಪ ಮಾಡಿದ್ದೇ ಅಲ್ಲ. ಇನ್ನೂ ಒಂದು ವಿಚಿತ್ರ: ಉತ್ತರದ ಜೌಗಿನಲ್ಲಿ ಗೂಡು ಕಟ್ಟುವ ಕಾಲ ಬಂದಾಗ ಈ ಬಿಳಿ ಹಕ್ಕಿ ಕೊಕ್ಕಿನಿಂದ ಕೆಸರೆತ್ತಿ ಕತ್ತಿನ ಬುಡಕ್ಕೆ ತಾನೇ ಮೆತ್ತಿಕೊಳ್ಳುತ್ತದೆ. ಅದರ ಮಡಿಗೆ ಕೆಸರೇ ಗಂಧ.

ಸಾಮಾನ್ಯವಾಗಿ ಎರಡು ಮೊಟ್ಟೆ, ಬದುಕಿ ದೊಡ್ಡದಾಗುವುದು ಹೆಚ್ಚಾಗಿ ಒಂದೇ ಮರಿ. ಆ ಮರಿ ಬೆಳ್ಳಗಿರುವುದಿಲ್ಲ, ದಾಲ್ಚಿನ್ನಿ ಚಕ್ಕೆಯ ಬಣ್ಣ. ಹಾರಲು ಕಲಿತ ಕೆಲವೇ ವಾರಗಳಲ್ಲಿ ಅಪ್ಪ ಅಮ್ಮನ ಹಿಂದೆ ಐದು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಹಿಡಿಯಬೇಕು. ಓಬ್ ನದಿಯ ಬಯಲಿನಿಂದ ಕಜಾಕ್‌ಸ್ತಾನ, ಆಫ್ಘಾನಿಸ್ತಾನ, ಪಾಕಿಸ್ತಾನದ ಮೇಲೆ ಹಾದು ಭರತಪುರ. ದಾರಿಯನ್ನು ಯಾವ ದೈವವೂ ಅದರ ರಕ್ತದಲ್ಲಿ ಬರೆದು ಕಳಿಸಿರುವುದಿಲ್ಲ. ಹಿರಿಯರ ಜೊತೆ ಒಮ್ಮೆ ಹೋಗಿ ಕಲಿಯುವ ವಿದ್ಯೆ ಅದು. ಬಂದ ಮೇಲೆ ಒಂದೊಂದು ಸಂಸಾರವೂ ತನ್ನ ಪಾಲಿನ ಜೌಗು ಹಿಡಿದು, ಪಕ್ಕದವರು ಗಡಿ ದಾಟಿದರೆ ಗಂಡಹೆಂಡಿರು ಒಟ್ಟಿಗೆ ಕೂಗಿ ಜಗಳಕ್ಕೆ ನಿಲ್ಲುತ್ತಾರೆ. ರಾನ್ ಸಾವೀ ಎಂಬ ಅಮೆರಿಕದ ಯುವಕ 1970ರ ದಶಕದಲ್ಲಿ ಭರತಪುರದಲ್ಲಿ ಕೂತು ಈ ಸಂಸಾರಗಳನ್ನು ನೋಡಿ ನೋಡಿಯೇ ಡಾಕ್ಟರೇಟ್ ಪಡೆದ. ಅವನೂ ಗೆಳೆಯ ಜಾರ್ಜ್ ಆರ್ಚಿಬಾಲ್ಡನೂ ಸೇರಿ 1973ರಲ್ಲಿ ಸಾರಸಗಳಿಗೆಂದೇ ಒಂದು ಸಂಸ್ಥೆ ಕಟ್ಟಿದರು. ಈ ಆರ್ಚಿಬಾಲ್ಡನ ವಿಷಯ ಹೇಳದೆ ಮುಂದೆ ಹೋಗಲಾರೆ. ಮನುಷ್ಯರ ಕೈಯಲ್ಲೇ ಬೆಳೆದು ಮನುಷ್ಯನನ್ನೇ ತನ್ನ ಜಾತಿ ಎಂದುಕೊಂಡಿದ್ದ ಟೆಕ್ಸ್ ಎಂಬ ಅಮೆರಿಕದ ಸಾರಸವೊಂದು ಮೊಟ್ಟೆ ಇಡಲಿ ಎಂದು, ಅವನು ಗಂಡು ಸಾರಸ ಕುಣಿಯುವ ಹಾಗೆ ಅದರೆದುರು ಕೈ ಬಡಿದು, ಬಾಗಿ, ಜಿಗಿದು ಕುಣಿದ. ಹುಚ್ಚ ಎಂದವರು ಇದ್ದರೋ ಏನೋ, 1982ರಲ್ಲಿ ಮರಿಯಂತೂ ಆಯಿತು. ನಮ್ಮಲ್ಲಿ ವಿದ್ವಾಂಸರು ಇಷ್ಟು ಕುಣಿದಿದ್ದರೆ ಎಷ್ಟೋ ವಿಷಯಗಳು ಬದುಕಿಕೊಳ್ಳುತ್ತಿದ್ದವು.

ಭರತಪುರದ ನೀರೂ ಕಂಬಂ ಕಣಿವೆಯ ನೀರಿನ ಹಾಗೆ ಮನುಷ್ಯ ತಿರುಗಿಸಿದ್ದು, ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಇಲ್ಲಿ ಅನ್ನಕ್ಕೆ, ಅಲ್ಲಿ ಬೇಟೆಗೆ. ಮಹಾರಾಜರು 19ನೆಯ ಶತಮಾನದ ಕೊನೆಗೆ ಅಜಾನ್ ಬಾಂದಿನ ನೀರನ್ನು ತಗ್ಗು ನೆಲಕ್ಕೆ ಬಿಡಿಸಿ, ಬಾತುಗಳು ಬಂದಿಳಿಯುವ ಹಾಗೆ ಮಾಡಿದರು. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೊ ಪರಿವಾರ ಒಂದೇ ದಿನದಲ್ಲಿ 4,273 ಹಕ್ಕಿ ಹೊಡೆಯಿತೆಂದು ಅಲ್ಲಿ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಬಂದೂಕಿನವರು ವರ್ಷಕ್ಕೆ ಕೆಲವು ದಿನ ಬರುತ್ತಿದ್ದರು. ಸುತ್ತಲ ಹಳ್ಳಿಯ ಎಮ್ಮೆಗಳು ವರ್ಷವಿಡೀ ಇರುತ್ತಿದ್ದವು. 1960ರ ದಶಕದಲ್ಲಿ ಇನ್ನೂರರಷ್ಟು ಬಿಳಿ ಸಾರಸಗಳು ಅಲ್ಲಿ ಚಳಿಗಾಲ ಕಳೆದ ದಾಖಲೆ ಇದೆ, ಎಮ್ಮೆಗಳ ಜೊತೆಯಲ್ಲೇ.

ಆಮೇಲೆ ಆ ಜೌಗಿಗೆ ಒಳ್ಳೆಯ ಕಾಲ ಬಂತು. ರಾಷ್ಟ್ರೀಯ ಉದ್ಯಾನ ಎಂಬ ಪಟ್ಟ ಸಿಕ್ಕಿತು. ಸಲೀಂ ಅಲಿಯವರಂಥ ಹಿರಿಯರೇ ದನ ಮೇಯುವುದು ನಿಲ್ಲಬೇಕು ಎಂದಿದ್ದರು. 1982ರಲ್ಲಿ ಎಮ್ಮೆಗಳನ್ನು ಹೊರಹಾಕಿ ಗೋಡೆ ಭದ್ರಮಾಡಿದರು. ಹಳ್ಳಿಗರು ಪ್ರತಿಭಟಿಸಿದಾಗ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಿಂದ 1990ರವರೆಗೆ, ಅಂದರೆ ಎಮ್ಮೆ ಇದ್ದಾಗಲೂ ಇಲ್ಲದಾಗಲೂ, ಅಲ್ಲಿ ಅಧ್ಯಯನ ನಡೆಸುತ್ತಲೇ ಇತ್ತು. ವಿ.ಎಸ್. ವಿಜಯನ್ ಅವರ ಮುಂದಾಳುತನದ ಆ ಅಧ್ಯಯನ ಕೊನೆಗೆ ಹೇಳಿದ್ದು ಯಾರೂ ಎಣಿಸದಿದ್ದ ಮಾತು. ಎಮ್ಮೆಗಳು ಹೋದ ಮೇಲೆ ಪಾಸ್ಪಾಲಂ ಎಂಬ ನೀರುಹುಲ್ಲು ಹಬ್ಬಿ, ಬಯಲು ನೀರನ್ನೆಲ್ಲ ಮುಚ್ಚಿತು. ಬಾತುಗಳಿಗೆ ಈಜಲು ಜಾಗವಿಲ್ಲ, ಮೀನಿಗೆ ತೊಂದರೆ, ಬಿಳಿ ಸಾರಸಕ್ಕೆ ಗಡ್ಡೆ ಅಗೆಯಲು ನೆಲವೇ ಸಿಗದು. ದಿನವೂ ಹುಲ್ಲು ತಿಂದು, ಹೊರಳಾಡಿ, ತುಳಿದು, ಕೆಸರು ಮಾಡಿ ಆ ಜೌಗನ್ನು ಜೌಗಾಗಿ ಇಟ್ಟಿದ್ದು ಎಮ್ಮೆ. ಸಂಬಳವಿಲ್ಲದ ಆ ನೌಕರನನ್ನು ಕೆಲಸದಿಂದ ತೆಗೆದ ಮೇಲೆ ಉದ್ಯಾನದವರು ದುಡ್ಡು ಕೊಟ್ಟು ಹುಲ್ಲು ಕೀಳಿಸಬೇಕಾಯಿತು. ಕೊಯ್ದುಕೊಂಡು ಹೋಗಲು ಹಳ್ಳಿಗರಿಗೇ ಪರವಾನಗಿ ಕೊಡಬೇಕಾಯಿತು.

ಎಮ್ಮೆ ಹೋದದ್ದರಿಂದಲೇ ಸಾರಸ ಹೋಯಿತು ಎಂದು ಬರೆದರೆ ಪ್ರಬಂಧಕ್ಕೆ ಒಳ್ಳೆಯದು, ಸತ್ಯಕ್ಕೆ ಅಲ್ಲ. ದಾರಿಯುದ್ದಕ್ಕೂ ಸಾವು ಕಾದಿತ್ತು. ಪಾಕಿಸ್ತಾನದ ವಾಯವ್ಯ ಕಣಿವೆಗಳಲ್ಲಿ ಸಾರಸ ಹಿಡಿಯುವುದು ಒಂದು ಮನೆತನದ ಹವ್ಯಾಸ. ರಾತ್ರಿಯಲ್ಲಿ ಸಾಕಿದ ಸಾರಸಗಳನ್ನು ಕೂಗಿಸಿ, ಮೇಲೆ ಹಾದುಹೋಗುವ ಹಿಂಡು ಕೆಳಗಿಳಿದಾಗ ತುದಿಗೆ ಸೀಸದ ಗುಂಡು ಕಟ್ಟಿದ ದಾರವನ್ನು ಬೀಸಿ ಎಸೆಯುತ್ತಾರೆ. ದಾರ ಕತ್ತಿಗೋ ರೆಕ್ಕೆಗೋ ಸುತ್ತಿಕೊಂಡು ಹಕ್ಕಿ ನೆಲಕ್ಕೆ ಬೀಳುತ್ತದೆ. ಆಫ್ಘಾನಿಸ್ತಾನದಲ್ಲಿ ಯುದ್ಧ ಶುರುವಾದ ಮೇಲೆ ಬಂದೂಕು ಎಲ್ಲರ ಹೆಗಲಿಗೂ ಬಂತು. ಇಷ್ಟು ದಾಟಿ ಬಂದ ಕೆಲವೇ ಜೋಡಿಗಳಿಗೆ ಇಲ್ಲಿ ಊಟದ ತಟ್ಟೆಯ ಮೇಲೆ ಹುಲ್ಲು ಹಾಸಿಟ್ಟಿದ್ದೆವು ಎಂಬುದಷ್ಟೇ ನನ್ನ ತಕರಾರು. 1990ರ ದಶಕದಲ್ಲಿ ಸಾಕಿ ಬೆಳೆಸಿದ ಮರಿಗಳನ್ನು ತಂದು ಬಿಟ್ಟು ನೋಡಿದರು; ದಾರಿ ಕಲಿಸುವ ಹಿರಿಯರಿಲ್ಲದೆ ಅವು ದಾರಿ ಹಿಡಿಯಲಿಲ್ಲ. ಕೊನೆಯ ಜೋಡಿ ಭರತಪುರದಲ್ಲಿ ಕಂಡದ್ದು 2002ರಲ್ಲಿ. ಅದಾದ ಎಷ್ಟೋ ಕಾಲದ ಮೇಲೆ ನಾನು ಹೋದಾಗ ರಿಕ್ಷಾ ಸರ್ದಾರ್ಜಿ ಒಂದು ಕಡೆ ಪೆಡಲ್ ನಿಲ್ಲಿಸಿ, “ಇಲ್ಲೇ ನಿಲ್ಲುತ್ತಿದ್ದವು” ಎಂದು ಬರೀ ಜಾಗ ತೋರಿಸಿದರು. ದುಡ್ಡು ಕೊಟ್ಟು ಖಾಲಿ ಜಾಗ ನೋಡಿ ಬಂದ ಯಾತ್ರೆ ಅದು. ಈ ಕುಲದ ಪಡುವಣ ಹಿಂಡಿನ ಒಂದೇ ಒಂದು ಗಂಡು ಇರಾನಿಗೆ ವರ್ಷ ವರ್ಷವೂ ಒಂಟಿಯಾಗಿ ಬರುತ್ತಿತ್ತು. ಅದಕ್ಕೆ ಅಲ್ಲಿಯವರು ಒಮಿದ್, ಎಂದರೆ ಭರವಸೆ, ಎಂದು ಹೆಸರಿಟ್ಟರು. 2023ರಲ್ಲಿ ಜೊತೆಗಿರಲೆಂದು ಬೆಲ್ಜಿಯಂನಿಂದ ಹೆಣ್ಣೊಂದನ್ನು ತಂದು ಬಿಟ್ಟದ್ದೂ ಆಯಿತು.

ನಮ್ಮ ದೇಶದ ಸ್ವಂತ ಸಾರಸ ಮಾತ್ರ ಬೇರೆ ಪಾಠ ಕಲಿತಿದೆ. ಆರಡಿಯವರೆಗೆ ಎತ್ತರ ನಿಲ್ಲುವ, ಹಾರುವ ಹಕ್ಕಿಗಳಲ್ಲೇ ಉದ್ದನೆಯ ಆ ಬೂದು ಸಾರಸ ಉತ್ತರ ಪ್ರದೇಶದ ಭತ್ತದ ಗದ್ದೆಯೊಳಗೇ ಗೂಡು ಕಟ್ಟುತ್ತದೆ. ಸ್ವಲ್ಪ ಪೈರು ಹಾಳಾಗುತ್ತದೆ, ರೈತ ಗೊಣಗುತ್ತಾನೆ, ಬಿಡುತ್ತಾನೆ. ವಾಲ್ಮೀಕಿಯ ಬಾಯಿಂದ ಶ್ಲೋಕ ಹೊರಡಿಸಿದ ಕ್ರೌಂಚ ಇದೇ ಎಂದು ಜೂಲಿಯಾ ಲೆಸ್ಲಿ ಎಂಬ ವಿದ್ವಾಂಸೆ 1998ರಲ್ಲಿ ವಾದಿಸಿದರು. ಜೋಡಿಯ ಮೇಲೆ ಅದಕ್ಕಿರುವ ಅಂಟು ನೋಡಿದರೆ ಒಪ್ಪಬೇಕು ಅನಿಸುತ್ತದೆ. ಅದು ದಕ್ಷಿಣಕ್ಕೆ ಇಷ್ಟು ದೂರ ಬರುವುದಿಲ್ಲ. ನಮ್ಮ ಕಡೆಗೆ ಚಳಿಗಾಲದಲ್ಲಿ ಬರುವುದು ಅದರ ಪುಟ್ಟ ಬಂಧು, ಮಂಗೋಲಿಯಾ ಕಜಾಕ್‌ಸ್ತಾನದ ಕರ್ಕರ. ಅದೂ ತುಂಗಭದ್ರೆಯ ಹಿನ್ನೀರಿನವರೆಗೆ ಬಂದು, ಸುತ್ತಲಿನ ಹೊಲದಲ್ಲಿ ಉದುರಿದ ಕಾಳು ಹೆಕ್ಕಿಕೊಂಡು, ಸಾಕು ಎಂದು ನಿಲ್ಲುತ್ತದೆ. ಈ ಮಾತು ಹೇಳಿದಾಗ ಕಂಬಂನ ಹಿರಿಯರಿಗೆ ಬಹಳ ಖುಷಿಯಾಯಿತು. “ನಾವು ಅಲ್ಲಿಂದ ಹೊರಟೆವು, ಅದು ಅಲ್ಲಿಗೆ ಬಂದು ನಿಂತಿತು. ಬುದ್ಧಿವಂತ ಹಕ್ಕಿ,” ಎಂದರು.

ಇಷ್ಟೆಲ್ಲ ಹೇಳಿ ಮೇಘಮಲೆಗೆ ದನ ಬಿಡಿ ಎಂದು ನಾನು ವಕಾಲತ್ತು ಹಾಕುತ್ತಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಜೌಗು ಬೇರೆ, ಶೋಲೆ ಕಾಡು ಬೇರೆ. ಎಮ್ಮೆ ತುಳಿದರೆ ಜೌಗು ತೆರೆಯುತ್ತದೆ, ದನ ತುಳಿದರೆ ಎಳೆಯ ಮರ ಸಾಯಬಹುದು. ನನಗೆ ಕಿರಿಕಿರಿಯಾಗುವುದು ಬೇರೊಂದು ವಿಷಯಕ್ಕೆ. ಒಂದು ಜಾಗ ಪವಿತ್ರ ಎಂದು ತೀರ್ಮಾನವಾದ ಕೂಡಲೇ ನಮ್ಮ ಮೊದಲ ಕೆಲಸ ಅಲ್ಲಿಂದ ಯಾರನ್ನಾದರೂ ಹೊರಗೆ ಕಳಿಸುವುದು. ಗುಡಿಯಲ್ಲಿ ಅದನ್ನು ಮಾಡಿ ಅಭ್ಯಾಸವಾದವರಿಗೆ ಕಾಡಿನಲ್ಲಿ ಮಾಡುವುದು ಕಷ್ಟವೇ? ಹೊರಗೆ ಹೋದವರು ಒಳಗೆ ಏನು ಕೆಲಸ ಮಾಡುತ್ತಿದ್ದರು ಎಂದು ವಿಚಾರಿಸುವುದು ಹತ್ತು ವರ್ಷ ಆದಮೇಲೆ. ಭರತಪುರದಲ್ಲಿ ಕನಿಷ್ಠ ವಿಚಾರಿಸಿದರು, ತಾವು ನಂಬಿದ್ದಕ್ಕೆ ವಿರುದ್ಧವಾದ ಉತ್ತರ ಬಂದರೂ ಅಚ್ಚು ಹಾಕಿದರು. ಇದು ಸಣ್ಣ ಮಾತಲ್ಲ. ಮೇಘಮಲೆಯ ಹುಲ್ಲಿನ ಮೇಲೂ ಅಂಥದೊಂದು ಲೆಕ್ಕ ಬಂದರೆ ದನದವರ ಪರವಾಗಿ ಬಂದರೂ ಸರಿ, ವಿರುದ್ಧವಾಗಿ ಬಂದರೂ ಸರಿ, ನಾನು ಓದಲು ಸಿದ್ಧ.

ಬಿಳಿ ಸಾರಸ ಪೂರ್ತಿ ಹೋಗಿಬಿಟ್ಟಿತೇ ಎಂದು ಹಿರಿಯರು ಕೇಳಿದರು. ಇಲ್ಲ. ಮೂಡಣ ಸೈಬೀರಿಯಾದ ಯಾಕೂತಿಯಾದಲ್ಲಿ ಮರಿ ಮಾಡುವ ಹಿಂಡು ಇನ್ನೂ ಕೆಲವು ಸಾವಿರ ಇದೆ. ಚಳಿಗಾಲಕ್ಕೆ ಬಹುಪಾಲು ಎಲ್ಲವೂ ಚೀನಾದ ಪೋಯಾಂಗ್ ಎಂಬ ಒಂದೇ ಸರೋವರದ ಬಳಿ ಇಳಿಯುತ್ತವೆ. ಅಲ್ಲಿಯೂ ಪ್ರವಾಹ ಹೆಚ್ಚಾದ ವರ್ಷ ನೀರಿನಡಿಯ ಗಡ್ಡೆ ಬೆಳೆಯುವುದಿಲ್ಲ. ಅಂಥದೊಂದು ವರ್ಷ, 2016ರಲ್ಲಿ, ಹಸಿದ ಹಕ್ಕಿಗಳು ಸರೋವರ ಬಿಟ್ಟು ಪಕ್ಕದ ರೈತರ ತಾವರೆ ಗದ್ದೆಗೆ ನುಗ್ಗಿದವು. ತಾವರೆಯ ಬೇರು ಅಲ್ಲಿಯವರಿಗೆ ತರಕಾರಿ, ದುಡ್ಡಿನ ಬೆಳೆ. ಹಕ್ಕಿಗೆ ಅದು ಜೇಕಿನ ಗಡ್ಡೆಗಿಂತ ದಪ್ಪ, ಅಗೆಯಲೂ ಸುಲಭ. ರೈತ ಬೇಸತ್ತು ಗದ್ದೆ ಬಿಡುವ ಹೊತ್ತಿಗೆ ಹಕ್ಕಿ ಪ್ರೇಮಿಗಳು ಸೇರಿ, ಹಣ ಕೂಡಿಸಿ, ನಾನ್‌ಚಾಂಗ್ ಬಳಿ ಒಂದು ತಾವರೆ ಗದ್ದೆಯನ್ನು ಸಾರಸಗಳಿಗೆಂದೇ ಗುತ್ತಿಗೆಗೆ ಹಿಡಿದರು. ಈಗ ಅಲ್ಲಿ ತಾವರೆ ನೆಡುವುದು ಹಕ್ಕಿ ತಿನ್ನಲಿ ಎಂದೇ.

ಹಿರಿಯರು ಇದುವರೆಗೆ ಸೈಬೀರಿಯಾ, ಇರಾನು, ಮಹಾರಾಜರು, ವೈಸ್‌ರಾಯ್ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದವರು, ಈಗ ಮುಂದಕ್ಕೆ ಬಾಗಿ ಕೂತರು.

“ಗುತ್ತಿಗೆ ಅಂದೆಯಲ್ಲ ತಂಬಿ, ವರ್ಷಕ್ಕೆ ಎಕರೆಗೆ ಎಷ್ಟು ಕೊಡುತ್ತಾರೆ?”